ಕೋಚ್ ಬದಲಾದಾಗ ಏನನ್ನು ನೋಡಬೇಕು? ಅಮೆರಿಕದ ಕಾಲೇಜು ಹುಡುಗಿಯರ ಸಾಕರ್ ಬಗ್ಗೆ ಒಂದು ಚರ್ಚೆ

ಕ್ಯಾರಿ_ಕನ್ನಡತಿ

ಎಲ್ಲರಿಗೂ ನಮಸ್ಕಾರ. ವಾರಾಂತ್ಯ ಬಂದರೆ ಮಗಳನ್ನು ಕ್ಲಬ್ ಸಾಕರ್‌ಗೆ (ನಮ್ಮೂರಲ್ಲಿ ಫುಟ್‌ಬಾಲ್ ಅನ್ನೋ ಆಟ) ಕರೆದುಕೊಂಡು ಊರೂರು ಸುತ್ತುವವರು ಇಲ್ಲಿ ಎಷ್ಟೋ ಜನ ಇದ್ದೀರಿ. ಅದಕ್ಕೇ ಈ ಮಾತು ಇಲ್ಲಿ ಎತ್ತುತ್ತಿದ್ದೇನೆ.

ನನ್ನ ಮಗಳು ಈಗ ಹತ್ತನೇ ಕ್ಲಾಸು. ಈ ಕ್ಲಾಸು ಮುಗಿದ ಮೇಲೆ ಜೂನ್ 15ರಿಂದ ಕಾಲೇಜು ಕೋಚ್‌ಗಳು ನೇರವಾಗಿ ಮಾತಾಡಬಹುದು ಅನ್ನೋ ನಿಯಮ ನಿಮಗೆ ಗೊತ್ತೇ ಇದೆ. ಅವಳು ಆಸೆಪಟ್ಟಿದ್ದ ಒಂದು ಕಾಲೇಜಿನಲ್ಲಿ ಮೊನ್ನೆ ಕೋಚ್‌ರನ್ನು ತೆಗೆದುಹಾಕಿದರು. ‘ನಮ್ಮ ನಿರೀಕ್ಷೆಗೆ ತಕ್ಕ ಫಲಿತಾಂಶ ಬಂದಿಲ್ಲ’ ಅಂತ ಕಾರಣ ಕೊಟ್ಟರು. ಕ್ಲಬ್ಬಿನ ಪೋಷಕರ ಗುಂಪಿನಲ್ಲಿ ಈಗ ಒಂದೇ ಮಾತು: ಹೊಸಬರು ಯಾರು, ಎಷ್ಟು ಗೆದ್ದಿದ್ದಾರೆ?

ನನಗೆ ಅನಿಸೋದು ಬೇರೆ. ಕೋಚ್ ಎಷ್ಟು ಗೆದ್ದಿದ್ದಾರೆ ಅಂತ ಕೇಳುವ ಮೊದಲು, ಕಾಲೇಜು ಆ ತಂಡಕ್ಕೆ ಏನು ಕೊಡುತ್ತಿದೆ ಅಂತ ಕೇಳಬೇಕು. ಎರಡನೇ ವರ್ಷದ, ಮೂರನೇ ವರ್ಷದ ಹುಡುಗಿಯರಲ್ಲಿ ಎಷ್ಟು ಜನ ಅಲ್ಲೇ ಉಳಿಯುತ್ತಾರೆ ಅಂತಲೂ ನೋಡಬೇಕು.

ನಮ್ಮ ಪಕ್ಕದ ಚಾಪೆಲ್ ಹಿಲ್‌ನದ್ದೇ ಉದಾಹರಣೆ ತೆಗೆದುಕೊಳ್ಳಿ. ಆನ್ಸನ್ ಡೋರನ್ಸ್ 1979ರಿಂದ ಅಲ್ಲಿನ ಯುಎನ್‌ಸಿ (ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ) ಹುಡುಗಿಯರ ತಂಡ ನಡೆಸಿದವರು. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ 21 ಪ್ರಶಸ್ತಿ, ಅದಕ್ಕೂ ಮುಂಚೆ 1981ರಲ್ಲಿ ಎಐಎಡಬ್ಲ್ಯೂ (ಆಗ ಹುಡುಗಿಯರ ಕಾಲೇಜು ಕ್ರೀಡೆ ನೋಡಿಕೊಳ್ಳುತ್ತಿದ್ದ ಸಂಸ್ಥೆ) ಪ್ರಶಸ್ತಿ. 1991ರ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಅಮೆರಿಕ ತಂಡದ ಕೋಚ್ ಕೂಡ ಅವರೇ. 2024ರ ಆಗಸ್ಟ್‌ನಲ್ಲಿ, ಸೀಸನ್ ಶುರುವಿಗೆ ಒಂದು ವಾರವೂ ಇಲ್ಲದಾಗ, ನಿವೃತ್ತಿ ಹೇಳಿದರು. ಸಹಾಯಕರಾಗಿದ್ದ ಡೇಮನ್ ನಹಾಸ್‌ಗೆ ಹಂಗಾಮಿಯಾಗಿ ಜವಾಬ್ದಾರಿ ಬಂತು. ಡಿಸೆಂಬರ್‌ನಲ್ಲಿ ಇಲ್ಲೇ ಕ್ಯಾರಿಯಲ್ಲಿ ವೇಕ್ ಫಾರೆಸ್ಟ್ ವಿರುದ್ಧ 1-0 ಗೆದ್ದು ಕಪ್ ಎತ್ತಿದರು. ಆಮೇಲೆ ಅವರನ್ನೇ ಕಾಯಂ ಮಾಡಿದರು.

ಆವತ್ತು ದೇಶವೆಲ್ಲ ಹುಡುಕಿ ದೊಡ್ಡ ಹೆಸರಿನವರನ್ನೇ ತರಬೇಕು ಅಂತ ಹಟ ಹಿಡಿದಿದ್ದರೆ ಏನಾಗುತ್ತಿತ್ತು? ಹುಡುಗಿಯರಿಗೆ ಗೊತ್ತಿದ್ದ ಮುಖ, ಗೊತ್ತಿದ್ದ ದನಿ ಅಲ್ಲಿತ್ತು. ಅದರ ಬೆಲೆ ದೊಡ್ಡದು. ನಿಮಗೆಲ್ಲ ಏನನಿಸುತ್ತದೆ?

ದಾವಣಗೆರೆ_ಟು_ಡಲ್ಲಾಸ್

ಅಕ್ಕ, ನಿಮ್ಮ ಮಾತಿಗೆ ಅರ್ಧ ಮಾತ್ರ ಹೂಂ ಅಂತೀನಿ. ಹೊರಗಿನಿಂದ ಬಂದು ಗೆದ್ದವರೂ ಇದ್ದಾರಲ್ವಾ?

ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ನೋಡಿ. 2013ರಲ್ಲಿ ಅಮಾಂಡಾ ಕ್ರಾಮ್‌ವೆಲ್ ಬಂದರು, ಬಂದ ವರ್ಷವೇ ಕಪ್. ಅವರು ಒರ್ಲಾಂಡೊ ಪ್ರೈಡ್ ಅನ್ನೋ ವೃತ್ತಿಪರ ತಂಡಕ್ಕೆ ಹೋದ ಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಸಹಾಯಕರಾಗಿದ್ದ ಮಾರ್ಗರೀಟ್ ಅವೊಜಾಸಾ ಅವರನ್ನು ತಂದರು. ಮುಖ್ಯ ಕೋಚ್ ಆಗಿ ಅವರಿಗೆ ಅದು ಮೊದಲ ವರ್ಷ. 2022ರಲ್ಲಿ ಕಪ್ ಕೈಗೆ ಬಂತು. ಫ್ಲೋರಿಡಾ ಸ್ಟೇಟ್‌ದೂ ಹಾಗೇ. ಮಾರ್ಕ್ ಕ್ರಿಕೋರಿಯನ್ 2022ರ ಮಾರ್ಚ್‌ನಲ್ಲಿ ಬಿಟ್ಟು ಹೋದರು. ಟೆನೆಸೀಯಿಂದ ಬ್ರಯನ್ ಪೆನ್ಸ್ಕಿ ಬಂದರು. ಮೊದಲ ವರ್ಷ ಸೆಮಿಫೈನಲ್, ಎರಡನೇ ವರ್ಷ ಒಂದೂ ಸೋಲಿಲ್ಲದೆ ಚಾಂಪಿಯನ್. ಫೈನಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಮೇಲೆ 5-1.

ಒಳ್ಳೆಯವರನ್ನು ಆರಿಸಿದರೆ ಫಲಿತಾಂಶ ಬೇಗ ಬರುತ್ತದೆ. ನಾಲ್ಕೈದು ವರ್ಷ ಕಾಯಿರಿ ಅನ್ನೋದು ಕೆಲವೊಮ್ಮೆ ಸುಮ್ನೆ ನೆಪ. ನಮ್ಮ ಹುಡುಗಿಯರಿಗೆ ಕಾಲೇಜಿನಲ್ಲಿ ಇರೋದೇ ನಾಲ್ಕು ವರ್ಷ. ಅವರು ಯಾಕೆ ಕಾಯಬೇಕು?

ಕ್ಯಾರಿ_ಕನ್ನಡತಿ

ನೀವು ಹೇಳಿದ ಮೂರೂ ಜನ ತುಂಬಿದ ಮನೆಗೆ ಕಾಲಿಟ್ಟ ಸೊಸೆಯರು ಸರ್. ಕಣಜ ಮೊದಲೇ ತುಂಬಿತ್ತು. ಕ್ರಿಕೋರಿಯನ್ 2014, 2018, 2021ರಲ್ಲಿ ಗೆದ್ದಿದ್ದ ತಂಡ ಪೆನ್ಸ್ಕಿಗೆ ಸಿಕ್ಕಿತು. ಹಾಗಂತ ಅವರದು ಸಣ್ಣ ಸಾಧನೆ ಅಲ್ಲ. ತುಂಬಿದ್ದನ್ನು ಚೆಲ್ಲದೆ ಕಾಪಾಡೋದೂ ಕಷ್ಟದ ಕೆಲಸವೇ. ಆದರೆ ಹತ್ತು ವರ್ಷದಿಂದ ಎನ್‌ಸಿಎಎ ಟೂರ್ನಿಯ ಮುಖವನ್ನೇ ನೋಡದ ಕಾಲೇಜಿನವರು ‘ಅವೊಜಾಸಾ ಮಾಡಿದ್ದನ್ನು ನೀವೂ ಮಾಡಿ’ ಅಂದರೆ ಅದು ಅನ್ಯಾಯ.

ಹಳೇ_ಹಾಫ್‌ಬ್ಯಾಕ್

ಬೇ ಏರಿಯಾದಿಂದ ನಮಸ್ಕಾರ. ನಾನು ಮೈಸೂರಲ್ಲಿ ಓದುವಾಗ ಹಾಫ್‌ಬ್ಯಾಕ್ ಆಗಿ ಆಡಿದವನು. ಈಗ ಸ್ಟ್ಯಾನ್‌ಫರ್ಡ್, ಸಾಂತಾ ಕ್ಲಾರಾ ಎರಡೂ ಕಡೆ ಮ್ಯಾಚ್ ನೋಡಲು ಹೋಗುತ್ತೇನೆ.

ಡಲ್ಲಾಸ್ ಸರ್, 2022ರ ಫೈನಲ್ ಎತ್ತಿದಿರಲ್ಲ, ಅದರ ಕೊನೆಯ ಗಳಿಗೆ ನೆನಪಿಸಿಕೊಳ್ಳಿ. ಯುಎನ್‌ಸಿ 2-0 ಮುಂದಿತ್ತು. ಎರಡೂ ಗೋಲು ಏವರಿ ಪ್ಯಾಟರ್ಸನ್ ಹೊಡೆದದ್ದು. ಯುಸಿಎಲ್‌ಎ ಒಂದನ್ನು ತೀರಿಸಿತು. ಗಡಿಯಾರದಲ್ಲಿ ಇನ್ನು 16 ಸೆಕೆಂಡ್. ಕಾರ್ನರ್ ಕಿಕ್ ಬಂತು. ರೈಲಿನ್ ಟರ್ನರ್ ತಲೆ ಕೊಟ್ಟರು, 2-2. ಹೆಚ್ಚುವರಿ ಸಮಯದ 107ನೇ ನಿಮಿಷದಲ್ಲಿ ಮರಿಕಾರ್ಮೆನ್ ರೇಯೆಸ್ ಗೋಲು, 3-2.

ಆ ಕಾರ್ನರ್ ಒಂದು ಅಡಿ ಮೇಲೆ ಹೋಗಿದ್ದರೆ? ಡೋರನ್ಸ್‌ಗೆ ಇನ್ನೊಂದು ಕಪ್. ಅವೊಜಾಸಾಗೆ ‘ಪರವಾಗಿಲ್ಲ, ಮೊದಲ ವರ್ಷ’ ಅನ್ನೋ ಸಮಾಧಾನ. ಇಬ್ಬರೂ ಅದೇ ಕೋಚ್, ಅದೇ ಕೆಲಸ. ಲೆಕ್ಕ ಮಾತ್ರ ಉಲ್ಟಾ.

ಅದೊಂದೇ ಅಲ್ಲ. 2019ರ ಫೈನಲ್ ಪೆನಾಲ್ಟಿಯಲ್ಲಿ ತೀರ್ಮಾನ, ಸ್ಟ್ಯಾನ್‌ಫರ್ಡ್ ಗೆದ್ದಿತು. ಕೋವಿಡ್‌ನಿಂದಾಗಿ 2021ರ ಮೇನಲ್ಲಿ ಆಡಿದ 2020ರ ಫೈನಲ್ ಕೂಡ ಪೆನಾಲ್ಟಿ, ಸಾಂತಾ ಕ್ಲಾರಾ. 2021ರದ್ದೂ ಪೆನಾಲ್ಟಿಯೇ, ಫ್ಲೋರಿಡಾ ಸ್ಟೇಟ್. ಆಮೇಲೆ 2022ರ ಈ ಕಥೆ. ಸಾಕರ್‌ನಲ್ಲಿ ಗೋಲು ಬರೋದೇ ಕಡಿಮೆ. ಅದರ ಮೇಲೆ 64 ತಂಡಗಳ ನಾಕೌಟ್. ಒಂದು ಕೆಟ್ಟ ಮಧ್ಯಾಹ್ನ ಸಾಕು, ಸೀಸನ್ ಮುಗೀತು.

2012ರಲ್ಲಿ ಗೆದ್ದ ಮೇಲೆ ಯುಎನ್‌ಸಿಗೆ 12 ವರ್ಷ ಕಪ್ ಸಿಗಲಿಲ್ಲ. ‘ಡೋರನ್ಸ್ ಕಾಲ ಮುಗೀತು’ ಅಂತ ಎಷ್ಟು ಜನ ಅಂದರು! ಅದೇ ಅವಧಿಯಲ್ಲಿ ಅವರು ಮೂರು ಫೈನಲ್ ಆಡಿದ್ದರು: 2018, 2019, 2022. ಬೇರೆ ಕಾಲೇಜಿನವರು ಇದನ್ನು ಸುವರ್ಣಯುಗ ಅಂತ ಕರೆಯುತ್ತಿದ್ದರು.

ಡ್ಯೂಕ್ ವಿಶ್ವವಿದ್ಯಾಲಯದವರನ್ನು ನಾನು ಮೆಚ್ಚುವುದು ಇದಕ್ಕೇ. ರಾಬಿ ಚರ್ಚ್ 2001ರಲ್ಲಿ ಬಂದರು. 2011, 2015ರಲ್ಲಿ ಫೈನಲ್ ತಲುಪಿದರು, ಎರಡೂ ಸೋತರು. ಕಪ್ ಬರಲೇ ಇಲ್ಲ. ಆದರೂ ಯಾರೂ ಅವರನ್ನು ಓಡಿಸಲಿಲ್ಲ. 2024ರ ಸೀಸನ್ ಮುಗಿಸಿ ಅವರೇ ನಿವೃತ್ತರಾದರು. ಜೊತೆಗಿದ್ದ ಕೀರನ್ ಹಾಲ್‌ಗೆ ಜಾಗ ಕೊಟ್ಟರು. ಪ್ರತಿವರ್ಷ ಒಳ್ಳೆ ತಂಡ, ಒಳ್ಳೆ ಓದು, ಡಿಸೆಂಬರ್‌ವರೆಗೆ ಹೋಗುವ ಅವಕಾಶ. ನಿರೀಕ್ಷೆ ಅಂದರೆ ಇದು.

ಜಯನಗರ_ನಾಲ್ಕನೇ_ಬ್ಲಾಕ್

ಬೆಂಗಳೂರಿನಿಂದ ಓದುತ್ತಿದ್ದೇನೆ. ಅಣ್ಣನ ಮಗಳು ನ್ಯೂಜೆರ್ಸಿಯಲ್ಲಿ ಆಡುತ್ತಾಳೆ, ಅದಕ್ಕೆ ಕುತೂಹಲ. ಒಂದು ಅರ್ಥವಾಗಲಿಲ್ಲ. ಕಾಲೇಜು ತಂಡಕ್ಕೆ ಇಷ್ಟು ದೊಡ್ಡ ಸಂಬಳದ ಕೋಚ್, ತೆಗೆಯೋದು, ಹಾಕೋದು ಎಲ್ಲ ಯಾಕೆ? ದುಡ್ಡು ಎಲ್ಲಿಂದ ಬರುತ್ತೆ? ಹುಡುಗಿಯರೆಲ್ಲರಿಗೂ ಫುಲ್ ಸ್ಕಾಲರ್‌ಶಿಪ್ ಇರುತ್ತಾ?

ಹಳೇ_ಹಾಫ್‌ಬ್ಯಾಕ್

ಒಳ್ಳೆ ಪ್ರಶ್ನೆ. ಇಲ್ಲ, ಎಲ್ಲರಿಗೂ ಇರಲ್ಲ.

ಬಹಳ ವರ್ಷ ಇದ್ದ ನಿಯಮ ಹೀಗೆ: ಎನ್‌ಸಿಎಎಯ ಮೇಲಿನ ದರ್ಜೆಯಾದ ಡಿವಿಷನ್ ಒನ್‌ನಲ್ಲಿ ಒಂದು ಮಹಿಳಾ ಸಾಕರ್ ತಂಡಕ್ಕೆ ಹೆಚ್ಚೆಂದರೆ 14 ಸ್ಕಾಲರ್‌ಶಿಪ್. ತಂಡದಲ್ಲಿ ಮೂವತ್ತರ ಆಸುಪಾಸು ಹುಡುಗಿಯರು. ಆ 14ನ್ನು ಕೋಚ್ ಹಂಚಬೇಕು. ಒಬ್ಬಳಿಗೆ ಪೂರ್ತಿ, ಇನ್ನೊಬ್ಬಳಿಗೆ ಅರ್ಧ, ಮತ್ತೊಬ್ಬಳಿಗೆ ಪುಸ್ತಕದ ಖರ್ಚು. ಕೆಲವರಿಗೆ ಏನೂ ಇಲ್ಲ. ಎಷ್ಟೋ ಕಾಲೇಜುಗಳು ಆ 14ನ್ನೂ ಪೂರ್ತಿ ಕೊಡುತ್ತಿರಲಿಲ್ಲ.

2025ರ ಜೂನ್‌ನಲ್ಲಿ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ ಕೋರ್ಟು ಒಪ್ಪಿಗೆ ಕೊಟ್ಟಿತು. ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಈಗ ಸ್ಕಾಲರ್‌ಶಿಪ್‌ಗೆ ಮಿತಿ ಇಲ್ಲ, ಆದರೆ ತಂಡದಲ್ಲಿ 28 ಜನಕ್ಕಿಂತ ಜಾಸ್ತಿ ಇರುವಂತಿಲ್ಲ. ಕಾಲೇಜು ನೇರವಾಗಿ ಆಟಗಾರರಿಗೆ ದುಡ್ಡನ್ನೂ ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಅದರಲ್ಲಿ ಸಿಂಹಪಾಲು ಅಮೆರಿಕನ್ ಫುಟ್‌ಬಾಲ್‌ಗೂ ಗಂಡಸರ ಬಾಸ್ಕೆಟ್‌ಬಾಲ್‌ಗೂ ಹೋಗುತ್ತದೆ. ಅಲ್ಲಿಂದಲೇ ದುಡ್ಡು ಹುಟ್ಟುವುದು ಅನ್ನೋದು ಅವರ ವಾದ.

ಹೊಸ ಕೋಚ್ ಬಂದಾಗ ಮೊದಲು ತಿಳಿಯಬೇಕಾದದ್ದು ಇದೇ: ಈ ಕಾಲೇಜು 28 ಜನಕ್ಕೂ ಸ್ಕಾಲರ್‌ಶಿಪ್ ಕೊಡುತ್ತಾ, ಇಲ್ಲ ಹಳೇ 14ರಲ್ಲೇ ನಿಂತಿದೆಯಾ? ಒಂದೇ ಲೀಗ್‌ನಲ್ಲಿ ಎರಡೂ ಥರದವರು ಎದುರುಬದುರಾದರೆ, ಕೋಚ್ ಎಷ್ಟೇ ಜಾಣರಾಗಿದ್ದರೂ ಮೈದಾನ ಒಂದು ಕಡೆ ವಾಲಿರುತ್ತದೆ.

ಇನ್ನು, ಹುಡುಗಿಯರ ಆಟಕ್ಕೆ ಇಷ್ಟು ಜಾಗ ಸಿಕ್ಕಿದ್ದೇ 1972ರ ಟೈಟಲ್ ನೈನ್ ಕಾನೂನಿನಿಂದ. ಸರ್ಕಾರದ ದುಡ್ಡು ಪಡೆಯುವ ಕಾಲೇಜು ಗಂಡು ಹೆಣ್ಣು ಅಂತ ಭೇದ ಮಾಡುವಂತಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗಂಡು ಹುಡುಗರ ದೊಡ್ಡ ಸಂಖ್ಯೆ ಇರುವುದರಿಂದ, ಅದಕ್ಕೆ ಸರಿದೂಗಿಸಲು ಹುಡುಗಿಯರ ಸಾಕರ್ ತಂಡಗಳು ಹುಟ್ಟಿಕೊಂಡವು. ಈಗ ಡಿವಿಷನ್ ಒನ್‌ನಲ್ಲೇ ಮುನ್ನೂರಕ್ಕೂ ಜಾಸ್ತಿ ತಂಡಗಳಿವೆ. ಕಪ್ ಒಂದೇ.

ಗೋಲ್‌ಕೀಪರ್_ಅಮ್ಮ

ನಾನು ಇದನ್ನು ಅನುಭವಿಸಿದವಳು. ಮಗಳು ಕಾಲೇಜಿನಲ್ಲಿ ಗೋಲ್‌ಕೀಪರ್. ಕಾಲೇಜಿನ ಹೆಸರು ಬೇಡ.

ಮೊದಲ ವರ್ಷ ಮುಗಿದ ಕೂಡಲೇ ಕೋಚ್‌ರನ್ನು ತೆಗೆದರು. ಡಿಸೆಂಬರ್ ಪರೀಕ್ಷೆ ನಡೆಯುತ್ತಿತ್ತು. ಹೊಸ ಕೋಚ್ ಬಂದವರೇ ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ನನ್ನ ಮಗಳ ಸರದಿ ಹತ್ತು ನಿಮಿಷವೂ ಇರಲಿಲ್ಲ. ಅವಳ ಒಂದು ಮ್ಯಾಚಿನ ವಿಡಿಯೋ ಕೂಡ ಅವರು ನೋಡಿರಲಿಲ್ಲ. ಮೇಜಿನ ಮೇಲೆ ಒಂದು ಹಾಳೆ, ಅದರಲ್ಲಿ ಎಲ್ಲರ ಹೆಸರು, ಪಕ್ಕದಲ್ಲಿ ಎತ್ತರ. ‘ನಿನ್ನ ಎತ್ತರಕ್ಕೆ ನಮ್ಮಲ್ಲಿ ಮ್ಯಾಚ್ ಸಿಗೋದು ಕಷ್ಟ, ಪೋರ್ಟಲ್ ಬಗ್ಗೆ ಯೋಚನೆ ಮಾಡು’ ಅಂದರಂತೆ. ಪೋರ್ಟಲ್ ಅಂದರೆ ಬೇರೆ ಕಾಲೇಜಿಗೆ ಹೋಗಲು ಹೆಸರು ಕೊಡುವ ಪಟ್ಟಿ. ಹೊರಗೆ ಬಂದು ಫೋನ್ ಮಾಡಿದಾಗ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ.

ಮುಖ್ಯ ಕೋಚ್ ಹೋದರೆ ಆಟಗಾರ್ತಿಯರಿಗೆ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಹಾಕಲು 30 ದಿನ ಸಿಗುತ್ತದೆ. ಇದು ಹುಡುಗಿಯರ ಒಳ್ಳೆಯದಕ್ಕೇ ಮಾಡಿದ ನಿಯಮ. ಆದರೆ ಅದೇ 30 ದಿನವನ್ನು ಕೆಲವು ಹೊಸ ಕೋಚ್‌ಗಳು ಮನೆ ಖಾಲಿ ಮಾಡಿಸಲು ಬಳಸಿಕೊಳ್ಳುತ್ತಾರೆ. 28ರ ಮಿತಿ ಬಂದ ಮೇಲೆ ಇದು ಇನ್ನೂ ಜಾಸ್ತಿ. ಹೋದವಳು ಕೆಮಿಸ್ಟ್ರಿ ಓದುತ್ತಿದ್ದರೆ ಕ್ರೆಡಿಟ್ ಎಷ್ಟು ಹೊಸ ಕಾಲೇಜಿಗೆ ಬರುತ್ತದೆ, ಎಷ್ಟು ಬಿಟ್ಟು ಹೋಗುತ್ತದೆ, ಯಾರೂ ಕೇಳುವುದಿಲ್ಲ.

ಅದಕ್ಕೇ ಕ್ಯಾರಿ ಅಕ್ಕನ ಮಾತು ನನಗೆ ಸರಿ ಅನಿಸಿತು. ಎಷ್ಟು ಜನ ಉಳಿದರು ಅನ್ನೋದೇ ನಿಜವಾದ ಲೆಕ್ಕ.

ಫ್ಲೋರಿಡಾ ವಿಶ್ವವಿದ್ಯಾಲಯದ್ದು ಪತ್ರಿಕೆಗಳಲ್ಲೆಲ್ಲ ಬಂದ ವಿಷಯ. ಬೆಕಿ ಬರ್ಲೀ 1995ರಲ್ಲಿ ಆ ತಂಡವನ್ನು ಮೊದಲಿಂದ ಕಟ್ಟಿದರು. ನಾಲ್ಕನೇ ಸೀಸನ್‌ನಲ್ಲೇ, 1998ರಲ್ಲಿ, ಫೈನಲ್‌ನಲ್ಲಿ ಯುಎನ್‌ಸಿಯನ್ನೇ 1-0 ಸೋಲಿಸಿದರು. ಅವರು 2021ರಲ್ಲಿ ನಿವೃತ್ತರಾದ ಮೇಲೆ ಅರಿಜೋನಾದಲ್ಲಿ ಒಳ್ಳೆ ದಾಖಲೆ ಇದ್ದ ಕೋಚ್‌ರನ್ನು ತಂದರು. ಒಂದೇ ಸೀಸನ್. ಆಟಗಾರ್ತಿಯರು ಸಾಲುಸಾಲಾಗಿ ಪೋರ್ಟಲ್‌ಗೆ ಹೋದರು, 2022ರ ಏಪ್ರಿಲ್‌ನಲ್ಲಿ ಕೋಚ್‌ರನ್ನು ತೆಗೆದರು. ಗೆಲುವು ಸೋಲಿನ ಪಟ್ಟಿ ನೋಡಿ ಆರಿಸಿದರೆ ತಂಡದ ಒಳಗಿನ ಬದುಕು ಕಾಣಿಸಲ್ಲ. ಇಪ್ಪತ್ತಾರು ವರ್ಷ ಕಟ್ಟಿದ್ದು ಒಂದು ವರ್ಷದಲ್ಲಿ ಅಲುಗಾಡಿಹೋಯಿತು.

ದಾವಣಗೆರೆ_ಟು_ಡಲ್ಲಾಸ್

ಮಗಳಿಗೆ ಆದದ್ದು ಓದಿ ಬೇಜಾರಾಯಿತು ಮೇಡಂ. ಈಗ ಹೇಗಿದ್ದಾಳೆ?

ಆದರೂ ಕೋಚ್ ಕಡೆಯಿಂದ ಒಂದು ಮಾತು ಹೇಳಲೇಬೇಕು. ಈ ಆಟದ ಸೀಸನ್ ಎಷ್ಟು ಚಿಕ್ಕದು ನೋಡಿ. ಆಗಸ್ಟ್ ಮೊದಲಲ್ಲಿ ಪ್ರೀಸೀಸನ್, ಎರಡು ವಾರದಲ್ಲಿ ಮ್ಯಾಚ್ ಶುರು. ಗುರುವಾರ ಒಂದು, ಭಾನುವಾರ ಒಂದು. ಹೆಚ್ಚಿನ ತಂಡಗಳಿಗೆ ನವೆಂಬರ್ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಕಲಿಸಲು ಸಮಯವೇ ಇಲ್ಲ. ವಸಂತದಲ್ಲಿ ಅಭ್ಯಾಸಕ್ಕೆ ಸಿಗೋದು ಬೆರಳೆಣಿಕೆಯ ಪಂದ್ಯ. ಡಿಸೆಂಬರ್‌ನಲ್ಲಿ ನೇಮಕ ಆದರೆ ಆ ವಸಂತ ಸಿಗುತ್ತದೆ, ಏಪ್ರಿಲ್‌ನಲ್ಲಿ ಆದರೆ ಅದೂ ಇಲ್ಲ. ಇಂಥದ್ದರಲ್ಲಿ ‘ಎರಡು ವರ್ಷದಲ್ಲಿ ತೋರಿಸು’ ಅಂತ ಮೇಲಿನವರು ಕುತ್ತಿಗೆ ಮೇಲೆ ಕೂತರೆ, ಅವರು ರೆಡಿಮೇಡ್ ಆಟಗಾರ್ತಿಯರನ್ನು ಪೋರ್ಟಲ್‌ನಿಂದ ತರದೆ ಇನ್ನೇನು ಮಾಡುತ್ತಾರೆ?

ಕೋಚ್‌ಗಳೂ ಒಂದೇ ಕಡೆ ಉಳಿಯಲ್ಲ ಅನ್ನೋದೂ ನಿಜ. ಮಿಸಿಸಿಪ್ಪಿ ಸ್ಟೇಟ್‌ನ ಜೇಮ್ಸ್ ಆರ್ಮ್‌ಸ್ಟ್ರಾಂಗ್ 2024ರಲ್ಲಿ ಎಸ್‌ಇಸಿ ಲೀಗ್ ಗೆದ್ದರು, ಅದೇ ಚಳಿಗಾಲದಲ್ಲಿ ಆಬರ್ನ್‌ಗೆ ಹೋದರು. ಅದೂ ಅದೇ ಲೀಗ್‌ನ ತಂಡ! ಕೀಡೇನ್ ಮ್ಯಾಕಲ್ಪೈನ್ 2016ರಲ್ಲಿ ಯುಎಸ್‌ಸಿಗೆ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಕಪ್ ತಂದುಕೊಟ್ಟವರು, 2021ರ ಕೊನೆಗೆ ಜಾರ್ಜಿಯಾಗೆ ಹೋದರು. ಯಾರನ್ನೂ ದೂರಲ್ಲ. ಹೊಟ್ಟೆಪಾಡು, ಬೆಳೆಯುವ ಆಸೆ ಅವರಿಗೂ ಇರುತ್ತದೆ.

ಗೋಲ್‌ಕೀಪರ್_ಅಮ್ಮ

ಚೆನ್ನಾಗಿದ್ದಾಳೆ ಸರ್, ಕೇಳಿದ್ದಕ್ಕೆ ಥ್ಯಾಂಕ್ಸ್. ಚಿಕ್ಕ ಕಾಲೇಜಿಗೆ ಹೋದಳು. ಈಗ ಪ್ರತಿ ಮ್ಯಾಚ್ ಆಡುತ್ತಾಳೆ.

ಶಿರಸಿ_ಸಿಯಾಟಲ್

ಚಿಕ್ಕ ಕಾಲೇಜು ಅಂದಿರಿ, ಅದಕ್ಕೆ ನಮ್ಮ ಕಡೆಯದೊಂದು ಹೇಳುತ್ತೇನೆ. ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾಲಯ ಒಂದು ಪುಟ್ಟ ಕ್ಯಾಥೊಲಿಕ್ ಸಂಸ್ಥೆ. ಅಮೆರಿಕನ್ ಫುಟ್‌ಬಾಲ್ ತಂಡವೇ ಇಲ್ಲ. ಕ್ಲೈವ್ ಚಾರ್ಲ್ಸ್ ಅಲ್ಲಿ ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೇ ಕೋಚ್. ಕ್ಯಾನ್ಸರ್ ಜೊತೆ ಹೋರಾಡುತ್ತಲೇ 2002ರಲ್ಲಿ ಹುಡುಗಿಯರ ತಂಡಕ್ಕೆ ಕಪ್ ತಂದರು. ಫೈನಲ್‌ನಲ್ಲಿ ಗೆಲುವಿನ ಗೋಲು ಕ್ರಿಸ್ಟೀನ್ ಸಿಂಕ್ಲೇರ್‌ದು. ಮರುವರ್ಷ ಚಾರ್ಲ್ಸ್ ತೀರಿಕೊಂಡರು. ಅವರ ಸಹಾಯಕ ಗ್ಯಾರೆಟ್ ಸ್ಮಿತ್ 2005ರಲ್ಲಿ ಮತ್ತೆ ಗೆದ್ದರು. ಆಗ ಮೆರ್ಲೋ ಫೀಲ್ಡ್‌ನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಸಾಂತಾ ಕ್ಲಾರಾ ಕೂಡ 1993ರಲ್ಲಿ ಅಮೆರಿಕನ್ ಫುಟ್‌ಬಾಲ್ ನಿಲ್ಲಿಸಿದ ಕಾಲೇಜು. ಜೆರಿ ಸ್ಮಿತ್ 1987ರಲ್ಲಿ ಬಂದು 2001ರಲ್ಲಿ ಮೊದಲ ಕಪ್ ಗೆದ್ದರು. ಹದಿನಾಲ್ಕು ವರ್ಷ! ಇವತ್ತು ಯಾವ ಅಥ್ಲೆಟಿಕ್ ಡೈರೆಕ್ಟರ್ ಅಷ್ಟು ಕಾಯುತ್ತಾರೆ ಹೇಳಿ. ಈ ಎರಡೂ ಕಡೆ ಸಾಕರ್ ಆ ಕ್ಯಾಂಪಸ್‌ನ ಮುಖ್ಯ ಆಟವಾಗಿತ್ತು, ಹತ್ತರಲ್ಲಿ ಹನ್ನೊಂದು ಅಲ್ಲ. ಅದು ದುಡ್ಡಿನಷ್ಟೇ ದೊಡ್ಡ ಬಲ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಹುಡುಗಿಯರ ಆಟ ಇದು, ಮುಖ್ಯ ಕೋಚ್‌ಗಳು ಹೆಚ್ಚಿನವರು ಗಂಡಸರೇ. 1982ರಲ್ಲಿ ಎನ್‌ಸಿಎಎ ಟೂರ್ನಿ ಶುರುವಾದಾಗಿನಿಂದ ಕಪ್ ಗೆದ್ದ ಹೆಂಗಸರು ನಾಲ್ಕೇ ಜನ: ಬರ್ಲೀ, ಕ್ರಾಮ್‌ವೆಲ್, 2015ರಲ್ಲಿ ಪೆನ್ ಸ್ಟೇಟ್‌ನ ಎರಿಕಾ ಡಂಬಾಕ್, ಆಮೇಲೆ ಅವೊಜಾಸಾ. ಗೆಲ್ಲಲು ಆಗಲ್ಲ ಅಂತ ಅಲ್ಲ. ಒಳ್ಳೆ ತಂಡದ ಕೀಲಿಕೈ ಅವರ ಕೈಗೆ ಕೊಟ್ಟಿದ್ದೇ ಕಡಿಮೆ. ಕೊಟ್ಟ ಕಡೆ ಯುಸಿಎಲ್‌ಎಗೆ ಎರಡು ಸಲ ಕಪ್ ಬಂತು. ಹೊಸ ನೇಮಕ ಆಗುವಾಗ ಸಂದರ್ಶನಕ್ಕೆ ಹೆಂಗಸರನ್ನು ಕರೆದಿದ್ದರಾ ಅಂತ ಪೋಷಕರು ಕೇಳಬೇಕು. ನಾವು ಕೇಳದೆ ಇನ್ಯಾರು ಕೇಳುತ್ತಾರೆ?

ದಾವಣಗೆರೆ_ಟು_ಡಲ್ಲಾಸ್

ಇದನ್ನು ಪೂರ್ತಿ ಒಪ್ಪಿದೆ. ಸಾಂತಾ ಕ್ಲಾರಾ ಹದಿನಾಲ್ಕು ವರ್ಷ ಕಾದದ್ದು ಯೋಚನೆಗೆ ಹಚ್ಚಿತು. ಆದರೂ ಒಂದು ಹೇಳಲಾ? ಕಾಯುವುದಕ್ಕೂ ಒಂದು ಅಳತೆ ಬೇಕು. ಪ್ರತಿವರ್ಷ ತಂಡ ಸ್ವಲ್ಪವಾದರೂ ಬೆಳೆಯುತ್ತಿರಬೇಕು. ಬೆಳೆಯದೆ ಬರೀ ‘ಕಾಯಿರಿ’ ಅಂದರೆ ನಾನು ಒಪ್ಪಲ್ಲ.

ಕ್ಯಾರಿ_ಕನ್ನಡತಿ

ಅದಕ್ಕೆ ನನ್ನದೂ ಒಪ್ಪಿಗೆ ಸರ್. ಬೆಳೆಯುತ್ತಿದೆಯಾ ಅಂತ ನೋಡಲು ಕಪ್ ಒಂದೇ ಕನ್ನಡಿ ಅಲ್ಲ ಅಷ್ಟೇ. ಮೊದಲ ವರ್ಷ ಬೆಂಚಿನಲ್ಲಿದ್ದವಳು ಮೂರನೇ ವರ್ಷ ಹನ್ನೊಂದರಲ್ಲಿ ಇದ್ದಾಳಾ? ಲೀಗ್‌ನ ದೊಡ್ಡ ತಂಡದ ಎದುರು ಹೋದ ವರ್ಷ 4-0 ಸೋತವರು ಈ ವರ್ಷ 1-0ಗೆ ಬಂದರಾ? ಅಂಥದ್ದನ್ನು ನೋಡೋಣ.

ಈಗ ನನ್ನ ಮನೆಯ ಪ್ರಶ್ನೆಗೆ ಬರುತ್ತೇನೆ. ಆ ಕಾಲೇಜಿಗೆ ಹೊಸ ಕೋಚ್ ಬಂದ ಮೇಲೆ ಭೇಟಿಗೆ ಹೋಗುತ್ತೇವೆ. ಗೋಲ್‌ಕೀಪರ್ ಅಮ್ಮ, ನೀವು ಮತ್ತೆ ಮೊದಲಿಂದ ಶುರುಮಾಡುವುದಾದರೆ ಏನು ಕೇಳುತ್ತಿದ್ದಿರಿ?

ಗೋಲ್‌ಕೀಪರ್_ಅಮ್ಮ

ಮೊದಲು, ಹೋಗುವ ಮುಂಚೆ ಮನೆಯಲ್ಲೇ ಕೂತು ಹಳೇ ರೋಸ್ಟರ್ (ತಂಡದ ಆಟಗಾರ್ತಿಯರ ಪಟ್ಟಿ) ತೆಗೆಯಿರಿ. ಕಾಲೇಜಿನ ಸೈಟಿನಲ್ಲಿ ಹಿಂದಿನ ವರ್ಷಗಳದ್ದು ಇರುತ್ತದೆ. ಈ ಹೊಸ ಕೋಚ್ ಮುಂಚೆ ಇದ್ದ ಕಾಲೇಜಿನದ್ದನ್ನೂ ತೆಗೆಯಿರಿ. ಮೊದಲ ವರ್ಷ ಸೇರಿದ ಹುಡುಗಿಯರ ಹೆಸರು ಬರೆದಿಟ್ಟು, ಅವರಲ್ಲಿ ಎಷ್ಟು ಹೆಸರು ನಾಲ್ಕನೇ ವರ್ಷದ ಪಟ್ಟಿಯಲ್ಲಿ ಸಿಗುತ್ತವೆ ನೋಡಿ. ಒಂದು ಸಂಜೆಯ ಕೆಲಸ. ಯಾವ ಭಾಷಣಕ್ಕಿಂತಲೂ ಆ ಪಟ್ಟಿ ಜಾಸ್ತಿ ಹೇಳುತ್ತದೆ.

ಅಲ್ಲಿ ಹೋದ ಮೇಲೆ ಪ್ರಶ್ನೆ ಕೇಳಲು ಮಗಳನ್ನೇ ಬಿಡಿ, ನೀವು ಪಕ್ಕದಲ್ಲಿರಿ. 28ರಲ್ಲಿ ಎಷ್ಟು ಜನರನ್ನು ಹೈಸ್ಕೂಲಿನಿಂದ ತರುತ್ತೀರಿ, ಎಷ್ಟು ಪೋರ್ಟಲ್‌ನಿಂದ? ಸ್ಕಾಲರ್‌ಶಿಪ್ ಒಂದು ವರ್ಷಕ್ಕಾ, ನಾಲ್ಕು ವರ್ಷಕ್ಕಾ? ಬರವಣಿಗೆಯಲ್ಲಿ ಕೊಡುತ್ತೀರಾ? ಮಂಡಿಯೊಳಗಿನ ಎಸಿಎಲ್ ಅನ್ನೋ ಲಿಗಮೆಂಟ್ ಹರಿದರೆ ಆ ವರ್ಷ ಏನಾಗುತ್ತದೆ? ಕೊನೆಯದನ್ನು ಸಂಕೋಚ ಪಡದೆ ಕೇಳಿ. ಹುಡುಗಿಯರ ಸಾಕರ್‌ನಲ್ಲಿ ಆ ಗಾಯ ಎಷ್ಟು ಸಾಮಾನ್ಯ ಅಂತ ನಿಮಗೆ ಗೊತ್ತೇ ಇದೆ.

ಸಹಾಯಕ ಕೋಚ್‌ಗಳ ಜೊತೆಗೂ ಮಾತಾಡಿ, ದಿನಾ ಕಲಿಸೋದು ಅವರೇ. ಸಾಧ್ಯವಾದರೆ ಮ್ಯಾಚ್ ಮುಗಿದ ಮೇಲೆ ಹತ್ತು ನಿಮಿಷ ನಿಂತು, ಆಡಲು ಅವಕಾಶ ಸಿಗದ ಹುಡುಗಿಯರ ಹತ್ತಿರ ಕೋಚ್ ಹೋಗಿ ಮಾತಾಡುತ್ತಾರಾ ನೋಡಿ.

ರೋಸ್ಟರ್ ಪಟ್ಟಿ ಮಾಡಿದ ಮೇಲೆ ನನಗೆ ಮೆಸೇಜ್ ಮಾಡಿ ಅಕ್ಕ, ಇಬ್ಬರೂ ಕೂತು ನೋಡೋಣ.